ವೈನಿಯ ರೊಟ್ಟಿ ಯಾಕೆ ಕೆಂಪಾಯಿತು

ಪುಕ್ಕಟೆ ಬಂದ ವಸ್ತುವನ್ನು ನಾನು ನಂಬುವುದಿಲ್ಲ. ಯಾರಾದರೂ ನಗುನಗುತ್ತ ಕೈಗೆ ಏನಾದರೂ ತುರುಕಿದರೆ ಅವರ ಇನ್ನೊಂದು ಕೈ ಎಲ್ಲಿದೆ ಎಂದು ಮೊದಲು ನೋಡುವವಳು ನಾನು. ಆದ್ದರಿಂದ 'ಸಾಚಾ' ಉಂಗುರವನ್ನು ಹುಬ್ಬಳ್ಳಿಯ ಮನೆಮನೆಗೆ ಪುಕ್ಕಟೆ ಹಂಚಿದಾಗ ನಾನು ಬೆರಳಿಗೆ ಹಾಕಿಕೊಳ್ಳಲಿಲ್ಲ. ತಮಾಷೆಯೆಂದರೆ ಆ ಉಂಗುರ ತಯಾರಿಸುವ ಕಂಪನಿಯಲ್ಲೇ ನನಗೆ ನೌಕರಿ. ಉಂಗುರ ಎಲ್ಲೆಲ್ಲಿ ತಪ್ಪು ಹೇಳುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಅನುಮಾನ ಪಟ್ಟರೆ ಸಂಬಳ ಕೊಡುವವರು ಇನ್ನೆಲ್ಲಿ ಸಿಗುತ್ತಾರೆ ಹೇಳಿ!

ಉಂಗುರದ ಗುಟ್ಟು ಇರುವುದು ಬೆವರಿನಲ್ಲಿ. ಮೈಬಗ್ಗಿಸಿ ದುಡಿದಾಗ ಬರುವ ಬೆವರು ಬೇರೆ. ಹೆದರಿಕೊಂಡು, ಅವಮಾನ ನುಂಗಿಕೊಂಡು, ಮನಸ್ಸಿಲ್ಲದೆ ದುಡಿದಾಗ ಬರುವ ಬೆವರು ಬೇರೆ. ಎರಡನೆಯದರಲ್ಲಿ ಒಂದು ಹಟಮಾರಿ ಅಣು ಇರುತ್ತದೆ. ಬೆರಳು ತಾಗಿದಲ್ಲಿ ಅಂಟಿಕೊಂಡರೆ ವರ್ಷಗಟ್ಟಲೆ ಬಿಡುವುದಿಲ್ಲ, ಒಲೆಯ ಬಿಸಿಗೂ ಪೂರ್ತಿ ಸಾಯುವುದಿಲ್ಲ. ಉಂಗುರವನ್ನು ಯಾವುದೇ ವಸ್ತುವಿನ ಹತ್ತಿರ ಹಿಡಿದರೆ ಅದು ಸೂಜಿತೂತಿನಷ್ಟು ಸಣ್ಣ ಬಾಯಿಯಿಂದ ಗಾಳಿ ಎಳೆದುಕೊಂಡು ಆ ಅಣುವನ್ನು ಹುಡುಕುತ್ತದೆ. ಸಿಕ್ಕರೆ ಕೆಂಪು ದೀಪ, ಸಿಗದಿದ್ದರೆ ಹಸಿರು. ಮನೆಯೊಳಗಿನ ಎಲ್ಲ ವಸ್ತುಗಳ ಲೆಕ್ಕ ಆ್ಯಪಿಗೆ ಹೋಗಿ, ಕೊನೆಗೆ ಗೇಟಿನ ಮೇಲೆ ಕಂಪನಿಯವರೇ ಕೂರಿಸಿದ ಪುಟ್ಟ ದೀಪ ಇಡೀ ಮನೆಯ ಬಣ್ಣವನ್ನು ಬೀದಿಗೆ ಸಾರುತ್ತದೆ.

ಊರು ಹೇಗೆ ಬದಲಾಯಿತೆಂದರೆ, ಹೆಣ್ಣು ನೋಡಲು ಹೋದವರು ಹುಡುಗಿಯ ಮುಖಕ್ಕಿಂತ ಮೊದಲು ಗೇಟಿನ ದೀಪ ನೋಡತೊಡಗಿದರು. ಬೀಗರು ತಂದ ಸೀರೆಗೆ ಎಲ್ಲರೆದುರು ಉಂಗುರ ಹಿಡಿದು, ಅದು ಕೆಂಪಾಗಿ, ಮದುವೆ ಮಂಟಪದಲ್ಲೇ ಕೈಕೈ ಮಿಲಾಯಿಸಿದ್ದೂ ಆಯಿತು. ಚಹದಂಗಡಿಯ ಗ್ಲಾಸಿಗೂ ಉಂಗುರ, ಗಣಪತಿಗೆ ಏರಿಸುವ ಹೂವಿಗೂ ಉಂಗುರ. ದೇವರಿಗೆ ಏನೆನಿಸಿತೋ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಉಂಗುರ ಹಾಕಿಕೊಂಡವನು ನನ್ನ ಅಣ್ಣ ಮಹಾಂತೇಶ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾನೆ. ನಾನು ಮದುವೆಯ ಗೊಡವೆಗೆ ಹೋದವಳಲ್ಲ. ವಿದ್ಯಾನಗರದ ಅವನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದೆ, ಊಟ ಕೆಳಗೆ. ಅವನ ಮಗಳು ಬೆಳಗಾವಿಯಲ್ಲಿದ್ದಳು. ಅಣ್ಣ ಕೆಟ್ಟವನಲ್ಲ. ಅಭ್ರಕದ ಗಣಿಯಲ್ಲಿ ಮಕ್ಕಳು ದುಡಿಯುವ ವಿಡಿಯೊ ನೋಡಿ ತಾಟಿನ ಮುಂದೆ ಕಣ್ಣೀರು ಹಾಕಿದವನು. ಆದರೆ ಅವನಿಗೆ ಮರುಕ ಬಂದಾಗಲೆಲ್ಲ ಮನೆಯಿಂದ ಏನಾದರೊಂದು ಹೊರಗೆ ಹೋಗುತ್ತಿತ್ತು.

ಮೊದಲು ಅವನ ಬೂಟು ಹೋಯಿತು. ಅದು ಅವನದೇ ಕಾಲು, ಯಾರೂ ಏನೂ ಅನ್ನಲಿಲ್ಲ. ಆಮೇಲೆ ಮಿಕ್ಸರ್ ಕೆಂಪು ಬಂತು, ಕಂಪನಿಯ ವಾಪಸಾತಿ ಕೇಂದ್ರಕ್ಕೆ ಹೋಯಿತು. ಶೇಂಗಾ ಚಟ್ನಿ ಮತ್ತೆ ಒರಳಿಗೆ ಬಂತು. ವಾಷಿಂಗ್ ಮಷಿನ್ ಹೋಯಿತು, ಹಿತ್ತಲಿನ ಒಗೆಯುವ ಕಲ್ಲು ತಿರುಗಿ ಒದ್ದೆಯಾಯಿತು. ಒಂದೊಂದು ವಸ್ತು ಹೋದಾಗಲೂ ಅಣ್ಣನ ಎದೆ ಹಗುರಾಗುತ್ತಿತ್ತು. ಒರಳು ತಿರುವುವವಳು, ಕಲ್ಲಿಗೆ ಬಟ್ಟೆ ಬಡಿಯುವವಳು ಅವನ ಹೆಂಡತಿ ಕಸ್ತೂರಿ ವೈನಿ. ಪುಣ್ಯ ಅಣ್ಣನದು, ರಟ್ಟೆ ವೈನಿಯದು.

ಇಷ್ಟನ್ನೂ ವೈನಿ ನಕ್ಕು ತಡೆದುಕೊಂಡಿದ್ದಳು. ತಡೆಯಲಾಗದ್ದು ಹೊಲಿಗೆ ಯಂತ್ರ.

ವೈನಿ ಬ್ಲೌಸ್ ಹೊಲಿಯುತ್ತಿದ್ದಳು. ತೋಳಿನ ಅಂಚಿಗೆ ಸಣ್ಣ ಕಸೂತಿ ಹಾಕಿ ಕೊಟ್ಟರೆ ಕೇಶ್ವಾಪುರದಿಂದ ಉಣಕಲ್ಲಿನವರೆಗೆ ಹೆಂಗಸರು ಸಾಲುಗಟ್ಟುತ್ತಿದ್ದರು. ನಡುಮನೆಯ ಕಿಟಕಿಯ ಬಳಿ ಯಂತ್ರದ ಮುಂದೆ ಕುಳಿತಾಗ ಅವಳ ಮುಖ ನೋಡಬೇಕಿತ್ತು. ಖಂಡೇನವಮಿಯ ಆಯುಧಪೂಜೆಯ ದಿನ ಮಾತ್ರ ಅದಕ್ಕೆ ರಜೆ. ಅಂದು ಯಂತ್ರವನ್ನು ಒರೆಸಿ, ಹೆಗಲಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಗಾಲಿಗೆ ಅರಿಸಿನದ ದಾರ ಕಟ್ಟಿ, ಕರಿಗಡಬಿನ ಎಡೆ ಹಿಡಿಯುತ್ತಿದ್ದಳು. ವರ್ಷವರ್ಷವೂ ಎಳೆದ ವಿಭೂತಿ ಯಂತ್ರದ ಮೇಲಿನ ಉಬ್ಬು ಅಕ್ಷರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಒಂದು ಭಾನುವಾರ ಅಣ್ಣ ಅದಕ್ಕೂ ಉಂಗುರ ಹಿಡಿದ. ಕೆಂಪು.

"ಕಸ್ತೂರಿ, ಇದನ್ನ ಜೋಡಿಸಿದ ಹುಡುಗ್ಯಾರು ಅಳಕೋತ ಜೋಡಿಸ್ಯಾರ. ಇದರ ಮುಂದ ಕುಂತು ಹೊಲಿಯಾಕ ನಿನಗರ ಮನಸ್ಸು ಹೆಂಗ ಬರತೈತಿ?"

"ಅತ್ತಾರ, ಖರೆ. ಇದನ್ನ ಹೊರಗ ಹಾಕಿದ್ರ ಅವರು ನಗತಾರೇನ್ರಿ?" ಎಂದಳು ವೈನಿ.

"ಎಲ್ಲಾರೂ ಹಿಂಗ ಅಂದ್ರ ಜಗತ್ತು ಸುಧಾರಸೂದು ಹೆಂಗ? ಸ್ವಲ್ಪ ತಾಳು. ಹಸಿರು ಮಷಿನ್ ಬಂದಕೂಡ್ಲೆ ಮೊದಲನೇದ್ದು ನಿನಗ."

ಟೆಂಪೊ ಬಂದು ಯಂತ್ರ ಹೋಯಿತು. ವೈನಿ ಅಳಲಿಲ್ಲ, ಜಗಳಾಡಲಿಲ್ಲ. ಕತ್ತರಿಯನ್ನು ಮಾತ್ರ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು. ನಾನು ಬಾಗಿಲಿನಿಂದ ನೋಡಿದೆ. ಹೋದ ಯಂತ್ರಕ್ಕೆ ಈ ಕತ್ತರಿ ಯಾಕೆ ಎಂದು ಅವತ್ತೇ ಅನುಮಾನ ಬಂತು, ಆದರೆ ಕೇಳಲಿಲ್ಲ. ಹಸಿರು ಯಂತ್ರವಂತೂ ಬರಲಿಲ್ಲ. ವೈನಿಯ ಮಾತು ಕಡಿಮೆಯಾಗುತ್ತ ಹೋಯಿತು. ಅಣ್ಣ ಅದನ್ನು ಸಮಾಧಾನ ಎಂದು ತಿಳಿದುಕೊಂಡ.

ಅಷ್ಟರಲ್ಲಿ ಉಂಗುರಕ್ಕೆ ಹೊಸ ಆವೃತ್ತಿ ಬಂತು. ಅದುವರೆಗೆ ಅಂಗಡಿಯ ಸಾಮಾನನ್ನಷ್ಟೇ ನೋಡುತ್ತಿದ್ದ ಉಂಗುರ ಈಗ ಬೇಯಿಸಿದ ಅಡುಗೆಯನ್ನೂ ನೋಡುತ್ತಿತ್ತು. ಅಣ್ಣ ಕಾಲೇಜಿನ ಇಬ್ಬರು ಗೆಳೆಯರನ್ನು ಊಟಕ್ಕೆ ಕರೆದ. ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಬಿಸಿ ಜೋಳದ ರೊಟ್ಟಿ. "ನಮ್ಮ ಮನಿ ಅಪ್ಪಟ ಹಸಿರು ನೋಡ್ರಿ" ಎಂದು ಠೀವಿಯಿಂದ ರೊಟ್ಟಿಯ ಮೇಲೆ ಉಂಗುರ ಹಿಡಿದ. ದೀಪ ಕೆಂಪಗೆ ಹತ್ತಿತು. ಒಂದಲ್ಲ, ಬುಟ್ಟಿಯ ಅಷ್ಟೂ ರೊಟ್ಟಿ ಕೆಂಪು. ಗೆಳೆಯರು ಕೈತೊಳೆಯುವ ಹೊತ್ತಿಗೆ ಗೇಟಿನ ದೀಪವೂ ಕೆಂಪಾಗಿತ್ತು.

ಅಣ್ಣನಿಗೆ ನೆಲ ಕುಸಿದಂತಾಯಿತು. ಮರುದಿನದಿಂದ ತನಿಖೆ ಶುರು.

"ಜ್ವಾಳ ತಗೊಂಡು ಬಾ" ಎಂದ. ವೈನಿ ತಂದಿಟ್ಟಳು. ಹಸಿರು. ಹಿಟ್ಟು? ಹಸಿರು. ನೀರು, ಎಣ್ಣೆ, ಬದನೆಕಾಯಿ ಎಲ್ಲ ಹಸಿರು. ಹಂಚು ಕೂಡ ಹಸಿರು. ರೊಟ್ಟಿ ಮಾತ್ರ ಕೆಂಪು.

ಅರ್ಥಶಾಸ್ತ್ರದ ಮೇಷ್ಟ್ರು. ಇಷ್ಟನ್ನು ಕೂಡಿಸಿ ಕಳೆದರೆ ಏನು ಉಳಿಯುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಗಿರಣಿಯ ಮೇಲೆ ಅನುಮಾನ ಪಟ್ಟ. "ಬೀಸೂಕಲ್ಲಿನಾಗ ಬೀಸಿ ನೋಡೂಣು" ಎಂದ. ವೈನಿ ಬೀಸಿದಳು, ರೊಟ್ಟಿ ಇನ್ನಷ್ಟು ಕೆಂಪು. ಗ್ಯಾಸಿನ ಮೇಲೆ ಅನುಮಾನ ಪಟ್ಟ. ವೈನಿ ಹಿತ್ತಲಲ್ಲಿ ಒಲೆ ಹೂಡಿ ಹೊಗೆ ಕುಡಿದು ಸುಟ್ಟಳು, ಕೆಂಪಿಗೆ ಕೆಂಪು ಸೇರಿತು. ಉಪ್ಪಿನ ವಿಷಯದಲ್ಲಿ ಉಂಗುರ ತುಸು ತೊದಲುತ್ತದೆ, ಒಮ್ಮೆ ಹಸಿರು ಅಂದರೆ ಒಮ್ಮೆ ಕೆಂಪು, ಅದು ನಮ್ಮ ಲ್ಯಾಬಿಗೂ ಗೊತ್ತು. ಅಣ್ಣ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ಶಶಿ, ನನಗ ಈ ಉಪ್ಪಿನ ಮ್ಯಾಲೇ ಅನುಮಾನ" ಎಂದು ನನ್ನ ಹತ್ತಿರ ಹೇಳಿದ.

ನನಗೂ ಅನುಮಾನವಿತ್ತು, ಉಪ್ಪಿನ ಮೇಲಲ್ಲ. ರೊಟ್ಟಿಯನ್ನು ಬರಿಗೈಯಿಂದಲೇ ಬಡಿಯಬೇಕು. ಅಂಗೈ ಒದ್ದೆ ಮಾಡಿಕೊಂಡು, ಒಂದೊಂದು ರೊಟ್ಟಿಗೂ ಹತ್ತಾರು ಸಲ ಏಟು ಕೊಟ್ಟು ಅಗಲಿಸಬೇಕು. ಆ ಮನೆಯಲ್ಲಿ ಬೇರೆ ಯಾವುದರ ಮೇಲೂ ವೈನಿಯ ಅಂಗೈ ಅಷ್ಟೊಂದು ಸಲ ಬೀಳುತ್ತಿರಲಿಲ್ಲ. ಆದರೆ ಈ ಅನುಮಾನವನ್ನು ಅಣ್ಣನ ಮುಂದೆ ಆಡಲು ನನಗೆ ಧೈರ್ಯ ಸಾಲಲಿಲ್ಲ. ಉಂಗುರವೇ ಸುಳ್ಳು ಎಂದು ಸಾಬೀತಾದರೆ ಎಲ್ಲರೂ ಪಾರಾಗುತ್ತೇವೆ ಅನ್ನಿಸಿತು. ಒಂದು ರೊಟ್ಟಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಲ್ಯಾಬಿಗೆ ಹೋದೆ.

ಧಾರವಾಡದ ರಸ್ತೆಯಲ್ಲಿದೆ ನಮ್ಮ ಲ್ಯಾಬು. ದೊಡ್ಡ ಯಂತ್ರದಲ್ಲಿ ವೈನಿಯ ರೊಟ್ಟಿ ಇಟ್ಟೆ. ಉಂಗುರ ಹೇಳಿದ್ದನ್ನೇ ಅದೂ ಹೇಳಿತು. ಹೋಲಿಸಿ ನೋಡಲು ಅಂಗಡಿಯ ಪ್ಯಾಕೆಟ್ ರೊಟ್ಟಿ ಇಟ್ಟೆ. ಅದು ಎಷ್ಟು ಹಸಿರೆಂದರೆ, ಆ ಅಣುವಿನ ವಾಸನೆಯೇ ಇಲ್ಲ. ನನ್ನ ಮೂಗು ಅಲ್ಲೇ ಚುರುಕಾಯಿತು. ದುಡಿಯುವ ಜಾಗದಲ್ಲಿ ಒಬ್ಬರಿಗಾದರೂ ಒಂದು ದಿನವಾದರೂ ಬೇಜಾರಾಗಿರಬೇಡವೇ? ಇಷ್ಟೊಂದು ಸುಖ ಯಾವ ಕಾರ್ಖಾನೆಯಲ್ಲಿದೆ ಮಾರಾಯರೇ?

ದೂರ ಹೋಗಬೇಕಾಗಲಿಲ್ಲ. ನಮ್ಮದೇ ಕಟ್ಟಡದ ಕೆಳಮಹಡಿಯಲ್ಲಿ ಉಂಗುರಗಳನ್ನು ಪೆಟ್ಟಿಗೆಗೆ ತುಂಬುವ ವಿಭಾಗವಿದೆ. ಅಲ್ಲಿಯ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಾರೆ, ಕುರ್ಚಿ ಇಲ್ಲ, ಮಾತಾಡಿದರೆ ಮೇಸ್ತ್ರಿ ಗದರುತ್ತಾನೆ. ಆದರೂ ನಮ್ಮ ಪೆಟ್ಟಿಗೆ ಯಾವತ್ತೂ ಹಸಿರು. ಮೆಹರುನ್ನಿಸಾ ಎಂಬವಳ ಬಳಿ ಹೋಗಿ, ಕೈಗವಸು ತೆಗೆದು ಒಂದೇ ಒಂದು ಪೆಟ್ಟಿಗೆ ಮಡಚಿಕೊಡು ಎಂದೆ.

"ಬ್ಯಾಡ್ರಿ ಮೇಡಂ. ಗವಸು ತೆಗದ್ರ ಅವತ್ತಿನ ಹಾಜರಿ ಕಟ್ ಮಾಡ್ತಾರ್ರಿ."

"ನನ್ನ ಹೆಸರು ಹೇಳು. ಟೆಸ್ಟಿಂಗಿಗೆ ಬೇಕು."

ಅವಳು ಆಚೀಚೆ ನೋಡಿ, ಗವಸು ಕಳಚಿ, ಗಡಿಬಿಡಿಯಿಂದ ಮಡಚಿಕೊಟ್ಟಳು. ಮೇಲೆ ತಂದು ಉಂಗುರ ಹಿಡಿದೆ. ಕೆಂಪು ಅಂದರೆ ಕೆಂಪು. 'ನೋವಿಲ್ಲದ ಜಗತ್ತಿಗಾಗಿ' ಎಂದು ಅಚ್ಚು ಹಾಕಿದ ಪೆಟ್ಟಿಗೆ ನನ್ನ ಮೇಜಿನ ಮೇಲೆ ಕೆಂಡದ ಹಾಗೆ ಹೊಳೆಯಿತು. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಇನಾಮದಾರ. ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಅವರಿಗೆ ಗಾಬರಿಯೇ ಆಗಲಿಲ್ಲ. ಅದನ್ನು ನೋಡಿ ನನಗೇ ಗಾಬರಿಯಾಯಿತು.

"ಶಶಿಕಲಾ ಅವರ, ಉಂಗುರ ಸುಳ್ಳು ಹೇಳೇದ ಏನು? ಕೈ ತಾಗಿಲ್ಲ ಅಂದ್ರ ಗುರುತಿಲ್ಲ. ಗುರುತಿಲ್ಲ ಅಂದ್ರ ಹಸಿರು. ನೋವು ಇಲ್ಲ ಅಂತ ನಾವು ಯಾರಿಗೆ ಹೇಳೀವಿ?"

"ಪೆಟ್ಟಿಗಿ ಮ್ಯಾಲೇ ಬರದೈತಲ್ರಿ ಸರ್."

"ಅದು ಜಾಹೀರಾತು" ಎಂದು ನಕ್ಕರು. "ನೀವು ಭಾಳ ಅನುಮಾನದ ಮಂದಿ. ಒಂದು ಕೆಲಸ ಮಾಡ್ರಿ, ಸ್ವಲ್ಪ ದಿನ ಹಿಂದಿನ ಶೆಡ್ಡಿಗೆ ಹೋಗ್ರಿ. ಅಲ್ಲೆ ತೊಳೆಯೋ ದ್ರಾವಣದ ಪರೀಕ್ಷಾ ನಡದದ. ಮನಸ್ಸು ಹಗುರ ಆಗ್ತದ."

ಹಿಂದಿನ ಶೆಡ್ಡು ಅಂದರೆ ವಾಪಸಾತಿ ಕೇಂದ್ರದ ಸಾಮಾನು ಬಂದು ಬೀಳುವ ಜಾಗ. ಊರವರು ಕೆಂಪು ಎಂದು ಕಣ್ಣೀರಿಟ್ಟು ಬಿಟ್ಟುಕೊಟ್ಟ ಮಿಕ್ಸರು, ಫೋನು, ಚಪ್ಪಲಿ, ಬಟ್ಟೆ ಎಲ್ಲ ಅಲ್ಲಿ ಗುಡ್ಡೆ ಬಿದ್ದಿದ್ದವು. ಒಂದು ಕಡೆಯಿಂದ ದ್ರಾವಣದ ತೊಟ್ಟಿಗೆ ಮುಳುಗಿಸುತ್ತಿದ್ದರು, ಇನ್ನೊಂದು ಕಡೆಯಿಂದ ಹಸಿರು ಚೀಟಿ ಅಂಟಿಸಿ ಹೊರಗೆ ಕಳಿಸುತ್ತಿದ್ದರು. ಅದೇ ಮಿಕ್ಸರು, ಅದೇ ಹುಡುಗಿಯರು ಜೋಡಿಸಿದ್ದು, ಈಗ ಹೊಸ ಅಂಗಡಿಯಲ್ಲಿ ಸಾಚಾ ಮಾಲು. ಪುಕ್ಕಟೆ ಉಂಗುರದ ಇನ್ನೊಂದು ಕೈ ಎಲ್ಲಿದೆ ಎಂದು ಕೊನೆಗೂ ಕಂಡೆ.

ಮತ್ತೆ ಅಲ್ಲಿ, ಚೀಟಿ ಅಂಟಿಸಿದ ಸಾಲಿನಲ್ಲಿ, ಒಂದು ಹೊಲಿಗೆ ಯಂತ್ರ. ಹೊಲಿಗೆ ಯಂತ್ರಗಳು ಎಲ್ಲವೂ ಒಂದೇ ಥರ ಇರುತ್ತವೆ, ನಾನು ಸುಮ್ಮನೆ ದಾಟಿ ಹೋಗುತ್ತಿದ್ದೆ. ಆದರೆ ಉಬ್ಬು ಅಕ್ಷರಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ಉಗುರಿನಿಂದ ಕೆರೆದೆ. ವಿಭೂತಿ. ಹಟಮಾರಿ ಅಣುವನ್ನು ತೊಳೆದ ದ್ರಾವಣಕ್ಕೆ ವೈನಿಯ ಖಂಡೇನವಮಿಯನ್ನು ತೊಳೆಯಲಾಗಿರಲಿಲ್ಲ. ಗಾಲಿಯ ಹಿಂದೆ ಅರಿಸಿನದ ದಾರದ ತುಂಡೂ ಇತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.

ಮನೆಗೆ ಬಂದಾಗ ಅಣ್ಣ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ವೈನಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೈಗವಸು, ಪೆಟ್ಟಿಗೆ, ತೊಟ್ಟಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಆ ಉಂಗುರ ಸುಳ್ಳ ವೈನಿ! ಗವಸು ಹಾಕ್ಕೊಂಡ್ರ ಹಸಿರು, ತೊಳದ್ರ ಹಸಿರು. ಅಣ್ಣಗ ನಾ ಹೇಳತೀನಿ. ನಿನ್ನ ರೊಟ್ಟಿಯಾಗ ಏನೂ ದೋಷ ಇಲ್ಲ."

ವೈನಿ ಹಿಂಡುತ್ತಿದ್ದ ಬಟ್ಟೆ ಬಿಟ್ಟು ನನ್ನ ಮುಖ ನೋಡಿದಳು.

"ಕಾರ್ಖಾನ್ಯಾಗ ಅದು ಸುಳ್ಳ ಹೇಳಿರಬೇಕು, ಅವರ ಕೈಗೆ ಗವಸು ಐತಿ" ಎಂದಳು. "ನನ್ನ ಕೈಗೆ ಗವಸು ಇಲ್ಲ ಶಶಿ. ನಂದು ಖರೆ ಹೇಳೇತಿ."

ಬಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಹಿಂಡತೊಡಗಿದಳು.

"ರೊಟ್ಟಿ ಕೆಂಪಾದ ದಿನ ನನಗ ಹೆಂಗನಿಸ್ತು ಗೊತ್ತೇನು? ಯಾರರ ಒಬ್ಬರು ನೋಡಿದ್ರಲ್ಲ ಅನಿಸ್ತು. ಮನಿ ಮಂದಿ ಯಾರೂ ನೋಡಲಿಲ್ಲ, ಒಂದು ಉಂಗುರ ನೋಡ್ತು. ಇವತ್ತ ಕೇಳ್ತಾರ, ನಾಳೆ ಕೇಳ್ತಾರ ಅಂತ ಕಾದೆ. ನಿಮ್ಮಣ್ಣ ಉಪ್ಪು ಹುಡುಕ್ಯಾಡಾಕ ಹೊಂಟ್ರು."

ನೋಡದ ಮಂದಿಯಲ್ಲಿ ನನ್ನನ್ನೂ ಸೇರಿಸಿಯೇ ಹೇಳಿದ್ದಳು. ನನಗೆ ತಾಗಿತು. ಸುಮ್ಮನೆ ನಿಲ್ಲಲಾಗದೆ, ಯಂತ್ರದ ಸುದ್ದಿ ಹೇಳಿದೆ: ನಿನ್ನದೇ ಯಂತ್ರ ಶೆಡ್ಡಿನಲ್ಲಿದೆ, ನೌಕರರಿಗೆ ಕೊಳ್ಳಲು ಬಿಡುತ್ತಾರೆ, ನಾಳೆಯೇ ತರುತ್ತೇನೆ, ಈಗ ಅದಕ್ಕೆ ಹಸಿರು ಚೀಟಿ ಇದೆ, ಅಣ್ಣ ಬೇಡ ಅನ್ನಲಾರ.

ವೈನಿಯ ಕಣ್ಣು ತುಂಬಿ ಬಂತು. ಆದರೆ ಅವಳು ಹೇಳಿದ್ದು ಬೇರೆಯೇ.

"ಮನಿಗೆ ತರಬ್ಯಾಡ. ಗದಗಿಗೆ ಕಳಸು. ನನ್ನ ಗೆಳತಿ ಗೌರಕ್ಕ ಹೊಲಿಗಿ ಅಂಗಡಿ ಹಿಡದಾಳ, ಕಿಡಕಿ ಕಡೆ ಜಾಗ ನನಗ ಬಿಟ್ಟುಕೊಡತಾಳಂತ. ಬೆಳಗಾವಿಗೆ ಫೋನ್ ಮಾಡಿ ಮಗಳಿಗೂ ಹೇಳೀನಿ. ಹೋಗವಾ ಅಂದ್ಳು."

"ಯಾವಾಗಿಂದ ಈ ವಿಚಾರ?"

"ಕತ್ತರಿ ಅಕ್ಕಿ ಡಬ್ಬಿಯಾಗ ಇಟ್ಟಾಗ ನೀ ನೋಡಿದ್ದಿ. ಕೇಳತೀ ಅಂದುಕೊಂಡಿದ್ದೆ."

"ಅಣ್ಣಗ?"

"ಅವರಿಗೆ ನಾನ ಹೇಳತೀನಿ. ನೀ ನಡುವ ಬರಬ್ಯಾಡ."

ಮರುದಿನ ಯಂತ್ರ ಕೊಂಡೆ. ಗದಗಿನ ಟೆಂಪೊ ಏರಿಸಿ, ಗೌರಕ್ಕನ ಕೈಸೇರಿದ್ದನ್ನು ಫೋನಿನಲ್ಲಿ ಖಾತ್ರಿ ಮಾಡಿಕೊಂಡು ಸಂಜೆ ಮನೆಗೆ ಬಂದೆ. ವೈನಿಗೆ ಕಣ್ಣಲ್ಲೇ ಹೇಳಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಎಷ್ಟೋ ದಿನದಿಂದ ಆ ಸದ್ದಿನಲ್ಲಿ ಲಯ ತಪ್ಪಿತ್ತು ಎಂದು ನನಗೆ ಗೊತ್ತಾದದ್ದೇ ಅವತ್ತು ಅದು ಸರಿಯಾಗಿ ಕೇಳಿದಾಗ.

ಅಣ್ಣ ಅಂದು ಹೊಸ ಉಪ್ಪು ತಂದಿದ್ದ. ಕಡಲ ದಂಡೆಯ ಯಾವುದೋ ಸಂಘದವರು ಹಾಡು ಹೇಳುತ್ತ ಒಟ್ಟುಮಾಡಿದ ಉಪ್ಪಂತೆ, ಆ್ಯಪಿನಲ್ಲಿ ಬಹಳ ಹೊಗಳಿದ್ದರು. ತಾಟಿನ ಮುಂದೆ ಕುಳಿತು, ಉಸಿರು ಬಿಗಿಹಿಡಿದು, ರೊಟ್ಟಿಯ ಮೇಲೆ ಉಂಗುರ ಹಿಡಿದ.

ಹಸಿರು.

"ಶಶಿ! ನೋಡ, ನೋಡಲ್ಲಿ! ನಾ ಹೇಳಿದ್ದಿಲ್ಲ? ಉಪ್ಪು! ಎಲ್ಲಾ ಆ ಹಾಳ ಉಪ್ಪಿಂದು!" ಅವನ ಕಣ್ಣಲ್ಲಿ ನೀರು. ಪಾಪ, ಆ ಸಂತೋಷ ನಿಜವಾದದ್ದೇ.

ನಾನು ನಂಬುವವಳೇ? ಅಣ್ಣನ ಬೆರಳಿನಿಂದ ಉಂಗುರ ಕಳಚಿ ಮೊಟ್ಟಮೊದಲ ಸಲ ನನ್ನ ಬೆರಳಿಗೆ ಹಾಕಿಕೊಂಡೆ. ಬುಟ್ಟಿಯ ತಳದ ರೊಟ್ಟಿಯವರೆಗೂ ಹಿಡಿದು ನೋಡಿದೆ. ಅಷ್ಟೂ ಹಸಿರು. ಬಾಗಿಲಲ್ಲಿ ನಿಂತಿದ್ದ ವೈನಿಯ ಕೈ ನೋಡಿದೆ. ಗವಸಿಲ್ಲ, ಹಿಟ್ಟು ಮೆತ್ತಿದ ಬರಿಗೈ. ಅವಳ ಹಿಂದೆ, ಕಿಟಕಿಯ ಬಳಿ, ಒಂದು ಚೀಲ ಕಟ್ಟಿಟ್ಟಿತ್ತು. ಚೀಲದ ಬಾಯಿಂದ ಕತ್ತರಿಯ ಹಿಡಿ ಹೊರಗೆ ಕಾಣುತ್ತಿತ್ತು. ಈ ಉಂಗುರವನ್ನು ನಾನು ನಂಬಿದ್ದು ಅದೊಂದೇ ಸಲ. ನನಗೆ ಸಂತೋಷವಾಯಿತು, ಆದರೆ ಉಂಗುರ ಕಳಚಿ ವಾಪಸು ಕೊಡುವಾಗ ಅಣ್ಣನ ಮುಖ ನೋಡಲಿಲ್ಲ.

ಅಣ್ಣ ಆ್ಯಪಿನಲ್ಲಿ ಉಪ್ಪಿನ ಗುಣಗಾನ ಬರೆಯುತ್ತಲೇ ಎರಡು ರೊಟ್ಟಿ ಹೆಚ್ಚಿಗೆ ತಿಂದ. ಗೇಟಿನ ದೀಪ ಹಸಿರಾಯಿತೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬಂದ. ಆಗಿತ್ತು.

"ಕಸ್ತೂರಿ, ನಾಡದು ಅವತ್ತಿನ ಗೆಳ್ಯಾರನ್ನ ಮತ್ತ ಊಟಕ್ಕ ಕರೀತೀನಿ. ಅವರೂ ನೋಡ್ಲಿ."

"ಕರೀರಿ" ಎಂದಳು ವೈನಿ. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದನ್ನು ಕಂಡೆ. "ಅದಕ್ಕೂ ಮೊದಲ ಒಂಚೂರು ಒಳಗ ಬರ್ರಿ. ಉಪ್ಪಿನ ಡಬ್ಬಿ ಎಲ್ಲಿ ಇಡತೀನಿ ಅಂತ ನಿಮಗ ಗೊತ್ತೈತೇನು?"

ಅಣ್ಣ ನಗುತ್ತ ಅವಳ ಹಿಂದೆ ಹೋದ. ನಾನು ತಾಟಿನ ಮುಂದೆ ಕೂತೇ ಇದ್ದೆ. ಒಳಗಿನಿಂದ ವೈನಿಯ ದನಿ ಕೇಳುತ್ತಿತ್ತು, ಪಾಠ ಹೇಳಿದ ಹಾಗೆ ನಿಧಾನವಾಗಿ.

"ಉಪ್ಪು ಇಲ್ಲಿ. ಜ್ವಾಳದ ಹಿಟ್ಟು ಈ ದೊಡ್ಡ ಡಬ್ಬಿಯಾಗ. ನಾದೂ ಪರಾತ ಇಲ್ಲಿ. ಹಂಚು ಕಾದೈತೋ ಇಲ್ಲೋ ನೋಡಾಕ ಮೊದಲ ನಾಕು ಹನಿ ನೀರ ಹೊಡೀರಿ."

ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದಾಯಿತು.

"ಇದನ್ನೆಲ್ಲ ನನಗ ಯಾಕ ತೋರಸಾಕತ್ತೀ, ಕಸ್ತೂರಿ?" ಎಂದ ಅಣ್ಣ. ಆ ಮನೆಯಲ್ಲಿ ಅವನಿಗೆ ಮೊದಲ ಸಲ ಸರಿಯಾದ ಕಡೆ ಅನುಮಾನ ಬಂದಿತ್ತು.